ರೇಡಿಯೇಟರ್ ಹೊತ್ತು ಹಾರಿದ ವಿಮಾನ

1930ರಲ್ಲಿ ಅಮೆರಿಕದ ಮಿನ್ನೆಸೋಟಾ ರಾಜ್ಯದ ರಾಬಿನ್ಸ್‌ಡೇಲ್‌ಗೆ ಎರಡು ಪುಟ್ಟ ವಿಮಾನಗಳು ಹಾರಿಬಂದು ಇಳಿದವು. ಮರದ ಮೈ, ಬಟ್ಟೆಯ ಹೊದಿಕೆ, ತಲೆಯ ಮೇಲೆ ಕೊಡೆ ಹಿಡಿದ ಹಾಗೆ ಒಂದೇ ರೆಕ್ಕೆ. ಅದರಲ್ಲೇನೂ ವಿಶೇಷವಿಲ್ಲ, ಆ ಕಾಲದ ಎಷ್ಟೋ ವಿಮಾನಗಳು ಹಾಗೇ ಇದ್ದವು. ವಿಚಿತ್ರ ಇದ್ದದ್ದು ಮೂತಿಯ ಹತ್ತಿರ. ಎಂಜಿನ್ನಿನ ಹಿಂದೆ, ಕೂತವರ ಮುಖಕ್ಕೆ ಎದುರಾಗಿ, ಒಂದು ರೇಡಿಯೇಟರ್ ನೆಟ್ಟಗೆ ಎದ್ದು ನಿಂತಿತ್ತು. ಕಾರಿಗೆ ಇರುವಂಥದ್ದೇ. ಏಕೆಂದರೆ ಅದರ ಮುಂದೆ ಇದ್ದದ್ದೂ ಕಾರಿನ ಎಂಜಿನ್ನೇ: ಫೋರ್ಡ್ ಮಾಡೆಲ್ ಎ.

ಇದರ ಹಿಂದೆ ಒಂದು ವಾದವಿತ್ತು. ರಾಬಿನ್ಸ್‌ಡೇಲ್‌ನಲ್ಲಿ ಒಂದು ಮೆಕ್ಯಾನಿಕ್ಸ್ ಪತ್ರಿಕೆ ನಡೆಯುತ್ತಿತ್ತು. ಕಾರಿನ ಎಂಜಿನ್ ವಿಮಾನಕ್ಕೆ ಆಗಿಬರುವುದಿಲ್ಲ ಎಂಬುದು ಅದರ ಸಂಪಾದಕ ವೆಸ್ಟನ್ ಫಾರ್ಮರ್ ಅವರ ನಿಲುವು. ಅದೇ ರಾಜ್ಯದ ಚೆರಿ ಗ್ರೋವ್ ಎಂಬ ಹಳ್ಳಿಯಲ್ಲಿದ್ದ ಬರ್ನಾರ್ಡ್ ಪೀಟೆನ್‌ಪಾಲ್ ಇದನ್ನು ಒಪ್ಪಲಿಲ್ಲ. ಅವರು ತಾವಾಗಿಯೇ ಕೆಲಸ ಕಲಿತ ಮೆಕ್ಯಾನಿಕ್. ಆಗುತ್ತದೆ, ನಾನು ಹಾರಿಸಿದ್ದೇನೆ ಎಂದರು. ಹಾಗಾದರೆ ತಂದು ತೋರಿಸಿ ಎಂಬಲ್ಲಿಗೆ ಮಾತು ಬಂತು. ಪೀಟೆನ್‌ಪಾಲ್ ಮತ್ತು ಅವರ ಗೆಳೆಯ ಡಾನ್ ಫಿಂಕೆ ಒಂದೊಂದು ವಿಮಾನ ಹಾರಿಸಿಕೊಂಡು ಬಂದರು. ಫಾರ್ಮರ್ ಒಪ್ಪಿದರಷ್ಟೇ ಅಲ್ಲ, ವಿಮಾನದ ನಕ್ಷೆಯನ್ನೂ ಎಂಜಿನ್ ಮಾರ್ಪಡಿಸುವ ವಿಧಾನವನ್ನೂ ಓದುಗರಿಗಾಗಿ ಅಚ್ಚು ಹಾಕಿದರು. ಏರ್ ಕ್ಯಾಂಪರ್ ಎಂಬ ಆ ವಿಮಾನವನ್ನು ಇವತ್ತಿಗೂ ಜನ ಮನೆಯಲ್ಲಿ ಕಟ್ಟುತ್ತಾರೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಫಾರ್ಮರ್ ಅವರ ನಿಲುವು ದಡ್ಡತನದ್ದೇನೂ ಆಗಿರಲಿಲ್ಲ. ಕಾರಿನ ಎಂಜಿನ್ ತೆಗೆದು ವಿಮಾನಕ್ಕೆ ಕಟ್ಟಿದವರಲ್ಲಿ ಕೈ ಸುಟ್ಟುಕೊಂಡವರೇ ಜಾಸ್ತಿ. ಹಾಗಾದರೆ ಮಾಡೆಲ್ ಎ ಮಾತ್ರ ಹೇಗೆ ಹಾರಿತು? ಅದೇನು ಹಗುರವಾದ ಎಂಜಿನ್ ಅಲ್ಲ, ಎರಕದ ಕಬ್ಬಿಣದ ಮುದ್ದೆ. ಶಕ್ತಿಯೂ ಬರೀ 40 ಎಚ್‌ಪಿ, ಅಂದರೆ ನಲವತ್ತು ಕುದುರೆಗಳ ಬಲ. ಅದನ್ನು ಉಳಿಸಿದ್ದು ಇವತ್ತು ನಮಗೆ ಕೊರತೆ ಅನ್ನಿಸುವ ಒಂದು ಗುಣ: ಅದು ನಿಧಾನ.

ಸೀಲಿಂಗ್ ಫ್ಯಾನ್ ಕೆಳಗೆ ಕೂತು

ಮನೆಯ ಸೀಲಿಂಗ್ ಫ್ಯಾನ್ ನೋಡಿ. ನಾಲ್ಕು ಅಡಿ ಅಗಲ, ಮಿನಿಟಿಗೆ ಮುನ್ನೂರು ಚಿಲ್ಲರೆ ಸುತ್ತು. ಅದರ ಗಾಳಿ ಕೋಣೆಗೆಲ್ಲ ಸಾಕು, ಸದ್ದೂ ಕಡಿಮೆ. ಈಗ ಕಂಪ್ಯೂಟರ್ ಒಳಗಿನ ಅಂಗೈ ಅಗಲದ ಫ್ಯಾನ್ ನೆನಪು ಮಾಡಿಕೊಳ್ಳಿ. ಅದು ಎಷ್ಟೇ ಜೋರಾಗಿ ತಿರುಗಿದರೂ ಕೀರಲು ಸದ್ದು ಬರುತ್ತದೆಯೇ ಹೊರತು ಕೋಣೆ ತಣ್ಣಗಾಗುವುದಿಲ್ಲ.

ಪ್ರೊಪೆಲರ್ ಕೂಡ ಫ್ಯಾನೇ. ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ, ಅದರ ಪ್ರತಿಫಲವಾಗಿ ವಿಮಾನ ಮುಂದಕ್ಕೆ ಹೋಗುತ್ತದೆ. ಸಿಗುವ ತಳ್ಳು ಎರಡು ಸಂಗತಿಗಳ ಗುಣಾಕಾರ: ಸೆಕೆಂಡಿಗೆ ಎಷ್ಟು ಗಾಳಿ ತಳ್ಳಿದೆವು, ಅದಕ್ಕೆ ಎಷ್ಟು ವೇಗ ಕೊಟ್ಟೆವು. 10 ಕಿಲೋ ಗಾಳಿಗೆ ಸೆಕೆಂಡಿಗೆ 10 ಮೀಟರ್ ವೇಗ ಕೊಟ್ಟರೆ ಬರುವ ತಳ್ಳು 100 ಎಂದಿಟ್ಟುಕೊಳ್ಳಿ. 5 ಕಿಲೋ ಗಾಳಿಗೆ 20 ಮೀಟರ್ ವೇಗ ಕೊಟ್ಟರೂ ಅದೇ 100. ಆದರೆ ಖರ್ಚು ಒಂದೇ ಅಲ್ಲ. ಖರ್ಚಾಗುವ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಮೊದಲನೆಯದಕ್ಕೆ 500 ಪಾಲು ಶಕ್ತಿ ಹೋದರೆ ಎರಡನೆಯದಕ್ಕೆ 1000 ಪಾಲು. ತಳ್ಳು ಅಷ್ಟೇ, ಬೆಲೆ ಎರಡರಷ್ಟು.

ಅಂದರೆ ಜಾಸ್ತಿ ಗಾಳಿಯನ್ನು ಮೆಲ್ಲಗೆ ತಳ್ಳುವುದೇ ಲಾಭ. ಅದಕ್ಕೆ ದೊಡ್ಡ ಪ್ರೊಪೆಲರ್ ಬೇಕು. ಅದರಲ್ಲೂ ನಿಧಾನವಾಗಿ ಹಾರುವ, ಸಣ್ಣ ಶಕ್ತಿಯ ವಿಮಾನಕ್ಕೆ ಇದು ಬೇಕೇ ಬೇಕು. ಇರುವ ನಲವತ್ತು ಕುದುರೆಗಳಲ್ಲಿ ಹತ್ತನ್ನು ಸುಮ್ನೆ ಗಾಳಿಗೆ ಬಿಡುವಷ್ಟು ಶ್ರೀಮಂತಿಕೆ ಅದಕ್ಕಿಲ್ಲ.

ದೊಡ್ಡ ಪ್ರೊಪೆಲರ್‌ಗೆ ಒಂದು ಕಟ್ಟುಪಾಡಿದೆ. ಅದನ್ನು ಬೇಕಾದ ಹಾಗೆ ಜೋರಾಗಿ ತಿರುಗಿಸುವ ಹಾಗಿಲ್ಲ. ಮಾಡೆಲ್ ಎ ಎಂಜಿನ್ನಿಗೆ ಸಾಮಾನ್ಯವಾಗಿ ಕಟ್ಟುತ್ತಿದ್ದದ್ದು 76 ಇಂಚಿನ ಮರದ ಪ್ರೊಪೆಲರ್, ಅಂದರೆ 1.93 ಮೀಟರ್. ಒಂದು ಸುತ್ತಿನಲ್ಲಿ ಅದರ ತುದಿ 6 ಮೀಟರ್‌ಗೂ ಸ್ವಲ್ಪ ಜಾಸ್ತಿ ಓಡುತ್ತದೆ. ಮಿನಿಟಿಗೆ 1800 ಸುತ್ತು ಅಂದರೆ ಸೆಕೆಂಡಿಗೆ 30. ತುದಿಯ ವೇಗ ಸೆಕೆಂಡಿಗೆ 180 ಮೀಟರ್ ದಾಟಿತು. ಶಬ್ದದ ವೇಗ ಸುಮಾರು 340 ಮೀಟರ್. ಅದರ ಅರ್ಧದ ಆಸುಪಾಸು, ತೊಂದರೆ ಇಲ್ಲ. ತುದಿ ಶಬ್ದದ ವೇಗಕ್ಕೆ ಹತ್ತಿರ ಬಂದಾಗ ಮಾತ್ರ ಕಷ್ಟ ಶುರು. ಗಾಳಿ ಜಾಗ ಬಿಡುವ ಬದಲು ಒತ್ತೊತ್ತಾಗಿ ಕೂಡಿಕೊಳ್ಳುತ್ತದೆ, ಗಾಳಿಯ ತಡೆ ಏರುತ್ತದೆ, ಕಿವಿ ಹರಿಯುವ ಸದ್ದು ಬರುತ್ತದೆ, ತಳ್ಳು ಕುಸಿಯುತ್ತದೆ.

ಈಗ ಇವತ್ತಿನ ಒಂದು 1.2 ಲೀಟರ್ ಕಾರಿನ ಎಂಜಿನ್ ತಗೊಳ್ಳೋಣ. 80 ಎಚ್‌ಪಿ ಸುಲಭವಾಗಿ ಕೊಡುತ್ತದೆ, ಮಾಡೆಲ್ ಎ ಕೊಟ್ಟದ್ದರ ಎರಡರಷ್ಟು. ಆದರೆ ಕೊಡುವುದು 6000 ಆರ್‌ಪಿಎಂ, ಅಂದರೆ ಮಿನಿಟಿಗೆ 6000 ಸುತ್ತಿನ ಹತ್ತಿರ. ಅದೇ 76 ಇಂಚಿನ ಪ್ರೊಪೆಲರನ್ನು ಅದಕ್ಕೆ ನೇರವಾಗಿ ಸಿಕ್ಕಿಸಿದರೆ ತುದಿಯ ವೇಗ ಸೆಕೆಂಡಿಗೆ 600 ಮೀಟರ್ ಆಗಬೇಕು. ಆಗುವುದಿಲ್ಲ. ತುದಿಯ ವೇಗವನ್ನು ಹಳೆಯ ಮಿತಿಯಲ್ಲೇ ಇಡೋಣ ಅಂದರೆ ಪ್ರೊಪೆಲರ್ 58 ಸೆಂಟಿಮೀಟರ್‌ಗೆ ಇಳಿಯಬೇಕು. ಅಂದರೆ ಗಾಳಿ ಹಿಡಿಯುವ ಜಾಗ ಹನ್ನೊಂದರಲ್ಲಿ ಒಂದು ಪಾಲು. ಎಂಜಿನ್ನಿನ ಮೂತಿಯೇ ಅದನ್ನು ಮುಕ್ಕಾಲು ಮರೆಮಾಡುತ್ತದೆ.

ಗಿಯರ್ ಹಾಕಿ ವೇಗ ಇಳಿಸಬಹುದಲ್ವಾ? ಹಾಕಬಹುದು. ದೊಡ್ಡ ಕಾರ್ಖಾನೆಗಳು ಆ ಕಾಲದಲ್ಲೇ ಹಾಕುತ್ತಿದ್ದವು. ಆದರೆ ಗಿಯರ್ ಅಂದರೆ ತೂಕ, ಖರ್ಚು. ಅದಕ್ಕಿಂತ ದೊಡ್ಡ ತಲೆನೋವು ಬೇರೆ ಇದೆ. ಎಂಜಿನ್ ನಮಗೆ ಕಾಣುವಷ್ಟು ನಯವಾಗಿ ತಿರುಗುವುದಿಲ್ಲ. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಏಟು ಕೊಡುತ್ತದೆ. ಮುಂದೆ ಭಾರದ ಪ್ರೊಪೆಲರ್, ಹಿಂದೆ ಏಟು ಹಾಕುವ ಪಿಸ್ಟನ್, ನಡುವೆ ಸಿಕ್ಕ ಗಿಯರ್ ಹಲ್ಲುಗಳಿಗೆ ಸೆಕೆಂಡಿಗೆ ಹತ್ತಾರು ಸುತ್ತಿಗೆಯ ಏಟು. ಅದನ್ನು ತಾಳುವ ಗಿಯರ್ ಪೆಟ್ಟಿಗೆ ಮಾಡುವುದು ಹಳ್ಳಿ ವರ್ಕ್‌ಶಾಪಿನ ಕೆಲಸ ಆಗಿರಲಿಲ್ಲ.

ಲೀಟರಿಗೆ ಹನ್ನೆರಡು ಕುದುರೆ

ಮಾಡೆಲ್ ಎ ಕಾರನ್ನು ಫೋರ್ಡ್ 1927ರ ಕೊನೆಯಿಂದ 1931ರವರೆಗೆ ತಯಾರಿಸಿತು. ಹತ್ತಿರ ಹತ್ತಿರ ಐವತ್ತು ಲಕ್ಷ ಗಾಡಿಗಳು ಹೊರಬಂದವು. ಅಂದರೆ ಅಮೆರಿಕದ ಯಾವ ಮೂಲೆಗೆ ಹೋದರೂ ಒಂದು ಎಂಜಿನ್, ಅದರ ಬಿಡಿಭಾಗ, ಅದನ್ನು ಬಿಚ್ಚಿ ಜೋಡಿಸಬಲ್ಲ ಒಬ್ಬ ಮನುಷ್ಯ ಸಿಗುತ್ತಿದ್ದ. ನಾಲ್ಕು ಸಿಲಿಂಡರ್, 3.3 ಲೀಟರ್, 2200 ಆರ್‌ಪಿಎಂನಲ್ಲಿ 40 ಎಚ್‌ಪಿ. ಕಂಪ್ರೆಷನ್ ಅನುಪಾತ, ಅಂದರೆ ಸಿಲಿಂಡರಿನೊಳಗಿನ ಗಾಳಿ-ಪೆಟ್ರೋಲ್ ಮಿಶ್ರಣ ಎಷ್ಟು ಪಟ್ಟು ಒತ್ತಿಹೋಗುತ್ತದೆ ಎಂಬ ಲೆಕ್ಕ, ನಾಲ್ಕಕ್ಕಿಂತ ಸ್ವಲ್ಪ ಮೇಲೆ, ಎಂಥ ಕಳಪೆ ಪೆಟ್ರೋಲನ್ನಾದರೂ ಕುಡಿಯುತ್ತಿತ್ತು.

ಲೀಟರಿಗೆ ಎಷ್ಟು ಕುದುರೆ ಬಿತ್ತು ನೋಡಿ: ಹನ್ನೆರಡು. ಇವತ್ತಿನ ಕಣ್ಣಿಗೆ ಇದು ಬಹಳ ಸೋಮಾರಿ ಎಂಜಿನ್. ಆದರೆ ಆ ಕಾಲದ ಅಸಲಿ ವಿಮಾನದ ಎಂಜಿನ್ನುಗಳ ಪಕ್ಕದಲ್ಲಿಟ್ಟರೆ ಬೇರೆಯೇ ಚಿತ್ರ ಸಿಗುತ್ತದೆ. ಮೊದಲ ಮಹಾಯುದ್ಧದ ನಂತರ ಅಮೆರಿಕದಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಕರ್ಟಿಸ್ ಒಎಕ್ಸ್-5 ಎಂಜಿನ್ ಎಂಟು ಸಿಲಿಂಡರಿನದು, 8.2 ಲೀಟರ್. ಕೊಡುತ್ತಿದ್ದದ್ದು 1400 ಆರ್‌ಪಿಎಂನಲ್ಲಿ 90 ಎಚ್‌ಪಿ. ಲೀಟರಿಗೆ ಹನ್ನೊಂದು. ಇಂಗ್ಲೆಂಡಿನಲ್ಲಿ 1925ರಲ್ಲಿ ಬಂದ ಸಿರಸ್ ಎಂಜಿನ್ 4.5 ಲೀಟರ್, 60 ಎಚ್‌ಪಿ. ಲೀಟರಿಗೆ ಹದಿಮೂರು. ಮೂರೂ ಒಂದೇ ಬೀದಿಯ ಮನೆಗಳು! ದೊಡ್ಡ ಸಿಲಿಂಡರ್, ಕಡಿಮೆ ಸುತ್ತು, ಮೈ ಮುರಿಯದ ದುಡಿಮೆ. ಮಾಡೆಲ್ ಎ ತನಗೇ ಗೊತ್ತಿಲ್ಲದೆ ವಿಮಾನದ ಎಂಜಿನ್ನಿನ ಸ್ವಭಾವದ್ದಾಗಿತ್ತು.

ಮೈ ಮುರಿಯದ ದುಡಿಮೆ ಅನ್ನುವುದು ಮುಖ್ಯ. ಕಾರಿನ ಎಂಜಿನ್ ಪೂರ್ತಿ ಶಕ್ತಿ ಹಾಕುವುದು ಅಪರೂಪ. ಏರು ಹತ್ತುವಾಗ, ಮುಂದಿನ ಗಾಡಿಯನ್ನು ದಾಟುವಾಗ, ಅಷ್ಟೇ. ಉಳಿದ ಹೊತ್ತು ಅದು ಕಾಲುಭಾಗ ಶಕ್ತಿಯಲ್ಲಿ ಗೊಣಗುತ್ತಿರುತ್ತದೆ. ವಿಮಾನದಲ್ಲಿ ಟೇಕಾಫ್‌ಗೆ ಪೂರ್ತಿ ಶಕ್ತಿ, ಆಮೇಲೆ ಗಂಟೆಗಟ್ಟಲೆ ಮುಕ್ಕಾಲು ಶಕ್ತಿ. ಲೀಟರಿಗೆ ಮೂವತ್ತು ಕುದುರೆ ಹಿಂಡುವ ಆ ಕಾಲದ ಎಂಜಿನ್ ಹೀಗೆ ಓಡಿದರೆ ವಾಲ್ವ್ ಸುಡುತ್ತದೆ, ಬೇರಿಂಗ್ ಕರಗುತ್ತದೆ.

ಬಿಚ್ಚಿದ್ದೇನು, ಸೇರಿಸಿದ್ದೇನು

ಪೀಟೆನ್‌ಪಾಲ್ ಮಾಡಿದ ಮೊದಲ ಕೆಲಸ ಎಂಜಿನ್ನನ್ನು ಹಿಂದುಮುಂದಾಗಿ ಇಟ್ಟದ್ದು. ಕಾರಿನಲ್ಲಿ ಎಂಜಿನ್ನಿನ ಮುಂಭಾಗದಲ್ಲಿ ರೇಡಿಯೇಟರ್ ಇರುತ್ತದೆ, ಕೈಯಿಂದ ಸ್ಟಾರ್ಟ್ ಮಾಡುವ ಹ್ಯಾಂಡಲ್ ಅಲ್ಲೇ ಸಿಕ್ಕುತ್ತದೆ. ಹಿಂಭಾಗದಲ್ಲಿ ಫ್ಲೈವೀಲ್ ಎಂಬ ಭಾರದ ಚಕ್ರ, ಕ್ಲಚ್, ಗಿಯರ್ ಬಾಕ್ಸ್. ಪಿಸ್ಟನ್‌ಗಳ ಏಟಿಗೆ ತಿರುಗುವ ದಂಡವೇ ಕ್ರ್ಯಾಂಕ್‌ಶಾಫ್ಟ್. ಅದರಲ್ಲಿ ಬೋಲ್ಟ್ ಹಾಕಿ ಭಾರ ಕೂರಿಸಲು ಗಟ್ಟಿ ಜಾಗ ಇರುವುದು ಫ್ಲೈವೀಲ್ ಕಡೆಯಲ್ಲೇ. ಆದ್ದರಿಂದ ಆ ತುದಿಯನ್ನು ಮೂತಿಗೆ ತಿರುಗಿಸಿ ಫ್ಲೈವೀಲ್ ಬಿಚ್ಚಿ ಅಲ್ಲಿ ಪ್ರೊಪೆಲರ್ ಹಬ್ ಕೂರಿಸಿದರು. ಹ್ಯಾಂಡಲ್ ಹಾಕುವ ತುದಿ ಪೈಲಟ್ ಕಡೆಗೆ ಬಂತು. ರೇಡಿಯೇಟರ್ ಪೈಲಟ್ ಎದುರಿಗೆ ಎದ್ದು ನಿಂತದ್ದರ ಗುಟ್ಟು ಇದೇ. ಕಾರಿನಲ್ಲಿ ಎಂಜಿನ್ನಿನ ಯಾವ ತುದಿಯಲ್ಲಿತ್ತೋ ಇಲ್ಲೂ ಅದೇ ತುದಿಯಲ್ಲಿದೆ, ತಿರುಗಿದ್ದು ಎಂಜಿನ್.

ಫ್ಲೈವೀಲ್ ಇಲ್ಲದೆ ಎಂಜಿನ್ ಹೇಗೆ ಓಡುತ್ತದೆ ಎಂಬ ಪ್ರಶ್ನೆ ಬರಬಹುದು. ಪಿಸ್ಟನ್ನಿನ ಒಂದು ಏಟಿನಿಂದ ಇನ್ನೊಂದು ಏಟಿನವರೆಗೆ ಓಟ ನಿಲ್ಲದಂತೆ ನೋಡಿಕೊಳ್ಳುವುದು ಫ್ಲೈವೀಲಿನ ಕೆಲಸ. ಎರಡು ಮೀಟರ್ ಉದ್ದದ ಮರದ ತುಂಡು ತಿರುಗುತ್ತಿರುವಾಗ ಆ ಕೆಲಸವನ್ನು ಅದೇ ಮಾಡುತ್ತದೆ. ಕ್ಲಚ್, ಗಿಯರ್ ಬಾಕ್ಸ್, ಸ್ಟಾರ್ಟರ್ ಮೋಟಾರ್, ಡೈನಮೊ, ಬ್ಯಾಟರಿ ಎಲ್ಲಕ್ಕೂ ಬಿಡುಗಡೆ. ಇಷ್ಟೆಲ್ಲ ಕಳಚಿದ ಮೇಲೂ ರೇಡಿಯೇಟರ್ ಸೇರಿ ಎಂಜಿನ್ ಸುಮಾರು 110 ಕಿಲೋ ತೂಗುತ್ತಿತ್ತು. ಇಬ್ಬರು ಕೂರುವ ಆ ವಿಮಾನದ ಖಾಲಿ ತೂಕವೇ 280 ಕಿಲೋ ಆಸುಪಾಸು. ಮನೆಯ ತೂಕದಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಒಲೆಯದೇ ಆದ ಹಾಗೆ.

ಬ್ಯಾಟರಿ ಹೋದ ಮೇಲೆ ಕಿಡಿ ಎಲ್ಲಿಂದ? ಅದಕ್ಕೆ ಮ್ಯಾಗ್ನೆಟೊ ಹಾಕಿದರು. ಸೈಕಲ್ ಡೈನಮೊ ಗೊತ್ತಲ್ವಾ, ಚಕ್ರ ತಿರುಗಿದರೆ ದೀಪ ಉರಿಯುತ್ತದೆ. ಮ್ಯಾಗ್ನೆಟೊ ಅದರ ಬಲಿಷ್ಠ ಅಣ್ಣ. ಎಂಜಿನ್ ತಿರುಗಿದರೆ ಒಳಗಿನ ಆಯಸ್ಕಾಂತ ತಿರುಗಿ ಪ್ಲಗ್‌ಗೆ ಬೇಕಾದ ಕಿಡಿ ತಾನೇ ಹುಟ್ಟಿಸುತ್ತದೆ. ಎಲ್ಲಿಯವರೆಗೆ ಎಂಜಿನ್ ತಿರುಗುತ್ತದೋ ಅಲ್ಲಿಯವರೆಗೆ ಕಿಡಿ ಇದೆ. ಸ್ಟಾರ್ಟ್ ಮಾಡಲು ಒಬ್ಬರು ಮುಂದೆ ನಿಂತು ಪ್ರೊಪೆಲರನ್ನು ಕೈಯಲ್ಲಿ ಹಿಡಿದು ಸುತ್ತಿಸಿ ಸರಕ್ಕನೆ ಹಿಂದೆ ಸರಿಯಬೇಕು. ಸರಿಯಲು ಮರೆತರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಇಲ್ಲಿಯವರೆಗಿನದು ಯಾವ ಮೆಕ್ಯಾನಿಕ್ಕಿಗೂ ಹೊಳೆಯುವಂಥದ್ದು. ನಿಜವಾದ ಸೂಕ್ಷ್ಮ ಇರುವುದು ಆಯಿಲ್ ವಿಷಯದಲ್ಲಿ.

ಮಾಡೆಲ್ ಎಯಲ್ಲಿ ಇವತ್ತಿನ ಹಾಗೆ ಒತ್ತಡದಿಂದ ಪ್ರತಿ ಬೇರಿಂಗ್‌ಗೂ ಆಯಿಲ್ ನುಗ್ಗಿಸುವ ಏರ್ಪಾಡಿಲ್ಲ. ಪಂಪು ಆಯಿಲನ್ನು ಮೇಲಕ್ಕೆತ್ತಿ ವಾಲ್ವ್ ಕೋಣೆಗೆ ಸುರಿಯುತ್ತದೆ, ಅಷ್ಟೇ. ಅಲ್ಲಿಂದ ಅದು ತನ್ನ ಭಾರಕ್ಕೆ ತಾನೇ ಇಳಿದು ಕ್ರ್ಯಾಂಕ್‌ಶಾಫ್ಟಿನ ಮೂರು ಮುಖ್ಯ ಬೇರಿಂಗ್‌ಗಳನ್ನು ಮುಟ್ಟುತ್ತದೆ. ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ಗಳಿಗೆ ಇನ್ನೂ ಸರಳ ಉಪಾಯ. ಪ್ರತಿ ರಾಡಿನ ಬುಡದಲ್ಲಿ ಒಂದು ಪುಟ್ಟ ಸೌಟು. ಕೆಳಗೆ ಪ್ರತಿ ರಾಡಿಗೂ ಒಂದೊಂದು ತೊಟ್ಟಿ. ಪ್ರತಿ ಸುತ್ತಿಗೂ ಸೌಟು ತೊಟ್ಟಿಯಲ್ಲಿ ಮುಳುಗಿ ಆಯಿಲ್ ಮೊಗೆದು ಬೇರಿಂಗ್‌ಗೆ ಹಾಕುತ್ತದೆ, ಸುತ್ತಲೂ ಎರಚುತ್ತದೆ. ಬೇರಿಂಗ್ ಕೂಡ ಇವತ್ತಿನ ಹಾಗೆ ಪೆಟ್ಟಿಗೆಯಿಂದ ತೆಗೆದು ಕೂರಿಸುವಂಥದ್ದಲ್ಲ. ಬ್ಯಾಬಿಟ್ ಎಂಬ, ತವರ ಬೆರೆತ ಮೆತ್ತನೆ ಬಿಳಿ ಲೋಹವನ್ನು ಕರಗಿಸಿ ಹೊಯ್ದು, ಆರಿದ ಮೇಲೆ ಅಳತೆಗೆ ಸರಿಯಾಗಿ ಕೆರೆದು ಮಾಡುತ್ತಿದ್ದದ್ದು.

ಸಮತಟ್ಟಾದ ರಸ್ತೆಯಲ್ಲಿ ಇದೆಲ್ಲ ಚೆನ್ನಾಗಿಯೇ ನಡೆಯುತ್ತದೆ. ಈಗ ಎಂಜಿನ್ ಹಿಂದುಮುಂದಾಗಿದೆ ಎಂಬುದನ್ನು ನೆನಪಿಡಿ. ಕಾರು ಏರು ಹತ್ತುವಾಗ ರೇಡಿಯೇಟರ್ ಕಡೆ ಮೇಲೆ, ಫ್ಲೈವೀಲ್ ಕಡೆ ಕೆಳಗೆ. ಆಯಿಲ್ ಫ್ಲೈವೀಲ್ ಕಡೆಗೆ ಹರಿಯುತ್ತದೆ. ವಿಮಾನ ಮೂತಿ ಎತ್ತಿ ಮೇಲೇರುವಾಗ ತಿರುವುಮುರುವು. ಫ್ಲೈವೀಲ್ ಕಡೆ, ಅಂದರೆ ಪ್ರೊಪೆಲರ್ ಕಡೆ, ಮೇಲಕ್ಕೆ ಹೋಗುತ್ತದೆ. ಆಯಿಲ್ ಅಲ್ಲಿಂದ ದೂರ ಸರಿದು ಪೈಲಟ್ ಕಡೆ ಸೇರುತ್ತದೆ. ಎಂಜಿನ್ ಅತಿ ಹೆಚ್ಚು ದುಡಿಯುವ ಹೊತ್ತು ಅದು. ಅತಿ ಹೆಚ್ಚು ಭಾರ ಬೀಳುವುದು ಪ್ರೊಪೆಲರ್ ಕಡೆಯ ಬೇರಿಂಗ್ ಮೇಲೆ. ಸರಿಯಾಗಿ ಅದೇ ಹೊತ್ತಿಗೆ, ಅದೇ ಜಾಗದಿಂದ ಆಯಿಲ್ ಜಾಗ ಖಾಲಿ ಮಾಡುತ್ತದೆ. ಆ ಬೇರಿಂಗ್ ಒಣಗದಂತೆ ನೋಡಿಕೊಳ್ಳುವುದೇ ಈ ಮಾರ್ಪಾಡಿನ ಜೀವಾಳ. ಬರೀ ಪ್ರೊಪೆಲರ್ ಸಿಕ್ಕಿಸಿ ಹೊರಟವರಿಗೂ ಕೂತು ಯೋಚಿಸಿದವರಿಗೂ ವ್ಯತ್ಯಾಸ ಕಂಡದ್ದು ಇಂಥ ಕಡೆ.

ಅದೇ ಬೇರಿಂಗ್ ಮೇಲೆ ಇನ್ನೂ ಎರಡು ಹೊಸ ಹೊರೆಗಳಿವೆ. ಒಂದು ಎಳೆತ. ಕಾರಿನಲ್ಲಿ ಕ್ರ್ಯಾಂಕ್‌ಶಾಫ್ಟನ್ನು ಉದ್ದುದ್ದಕ್ಕೆ ಯಾರಾದರೂ ತಳ್ಳುತ್ತಾರೆ ಅಂದರೆ ಅದು ಕ್ಲಚ್ ತುಳಿದಾಗ ಮಾತ್ರ, ಅದೂ ಒಂದೆರಡು ಕ್ಷಣ. ವಿಮಾನದಲ್ಲಿ ಪ್ರೊಪೆಲರ್ ಇಡೀ ವಿಮಾನವನ್ನು ಕ್ರ್ಯಾಂಕ್‌ಶಾಫ್ಟ್ ಹಿಡಿದೇ ಎಳೆಯುತ್ತದೆ. ಟೇಕಾಫ್ ಹೊತ್ತಿಗೆ ನೂರು ಕಿಲೋಗೂ ಜಾಸ್ತಿ ಎಳೆತ. ಅದನ್ನು ತಡೆಯಬೇಕಾದ್ದು ಅದೇ ಮೆತ್ತನೆ ಬ್ಯಾಬಿಟ್ಟಿನ ಅಂಚು.

ಇನ್ನೊಂದು ಹೊರೆ ಸ್ವಲ್ಪ ವಿಚಿತ್ರದ್ದು. ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ, ಅಚ್ಚಿನ ಎರಡು ತುದಿ ಎರಡು ಕೈಯಲ್ಲಿ ಹಿಡಿದುಕೊಳ್ಳಿ. ಯಾರಾದರೂ ಚಕ್ರವನ್ನು ಜೋರಾಗಿ ತಿರುಗಿಸಲಿ. ಈಗ ಅದನ್ನು ಎಡಕ್ಕೆ ತಿರುಗಿಸಲು ನೋಡಿ. ಅದು ಎಡಕ್ಕೆ ಹೋಗುವ ಬದಲು ಓರೆಯಾಗಿ ವಾಲುತ್ತದೆ, ಮಣಿಕಟ್ಟು ತಿರುಚುತ್ತದೆ. ನಾನಂತೂ ಮೊದಲ ಸಲ ಮಾಡಿದಾಗ ಚಕ್ರ ಬೀಳಿಸಿದ್ದೆ. ತಿರುಗುವ ಪ್ರೊಪೆಲರ್ ಕೂಡ ಹಾಗೇ. ವಿಮಾನ ಸರಕ್ಕನೆ ಮೂತಿ ತಿರುಗಿಸಿದಾಗ ಪ್ರೊಪೆಲರ್ ಅದಕ್ಕೆ ಅಡ್ಡಲಾಗಿ ವಾಲಲು ಹೋಗುತ್ತದೆ. ಆ ತಿರುಚು ನೇರವಾಗಿ ಕ್ರ್ಯಾಂಕ್‌ಶಾಫ್ಟಿಗೆ. ಮಾಡೆಲ್ ಎ ಕ್ರ್ಯಾಂಕ್‌ಶಾಫ್ಟ್ ಬೇರಿಂಗ್ ಜಾಗದಲ್ಲಿ 41 ಮಿಲಿಮೀಟರ್ ದಪ್ಪ, ಕೈಗೆ ಸಿಗುವ ಟಾರ್ಚಿನಷ್ಟು. ಕಾರಿನಲ್ಲಿ ಅದಕ್ಕೆ ಇಂಥ ಬಾಗುವ ಹೊರೆ ಇರಲೇ ಇಲ್ಲ. ಹಾಗಾಗಿ ಏರ್ ಕ್ಯಾಂಪರ್‌ನಲ್ಲಿ ಸರ್ಕಸ್ ಬೇಡ, ನೆಟ್ಟಗೆ ಹೋಗಿ ನೆಟ್ಟಗೆ ಬನ್ನಿ. ಅದನ್ನು ಕಟ್ಟಿದ್ದೂ ಅದಕ್ಕೇ.

ಇನ್ನೊಂದು ಲೆಕ್ಕ ನನಗೆ ಇಷ್ಟ. 76 ಇಂಚಿನ ಪ್ರೊಪೆಲರ್ ಜೊತೆಗೆ 48 ಎಂಬ ಇನ್ನೊಂದು ಅಂಕಿ ಬರುತ್ತದೆ. ಪ್ರೊಪೆಲರನ್ನು ಒಂದು ಸ್ಕ್ರೂ ಅಂದುಕೊಂಡರೆ ಒಂದು ಸುತ್ತಿಗೆ 48 ಇಂಚು, ಅಂದರೆ 1.2 ಮೀಟರ್ ಚಿಲ್ಲರೆ ಮುಂದೆ ಹೋಗಬೇಕು ಎಂದರ್ಥ. ಸೆಕೆಂಡಿಗೆ 30 ಸುತ್ತು ಅಂದರೆ ಗಂಟೆಗೆ 130 ಕಿಲೋಮೀಟರ್ ಆಯಿತು. ಗಾಳಿ ಮರದ ಹಾಗೆ ಗಟ್ಟಿ ಅಲ್ಲ, ಸ್ವಲ್ಪ ಜಾರುತ್ತದೆ. ಆದ್ದರಿಂದ ನಿಜವಾಗಿ ಸಿಗುವುದು 110 ಆಸುಪಾಸು. ಇಷ್ಟಕ್ಕೂ ಇದು ಒಂದೇ ಗಿಯರಿನ ಗಾಡಿ. ಎಂಜಿನ್ 2200 ಆರ್‌ಪಿಎಂ ಮುಟ್ಟಲು ಪ್ರೊಪೆಲರ್ ಬಿಡುವುದೇ ಇಲ್ಲ, ಹಾಗಾಗಿ ಕಾಗದದ ಮೇಲಿನ 40 ಎಚ್‌ಪಿ ಆಕಾಶದಲ್ಲಿ ಪೂರ್ತಿ ಕೈಗೆ ಸಿಗುವುದಿಲ್ಲ.

ಹಗುರವಾದ ದಾರಿ ಹಿಡಿದವರು

ಇದೇ ಪ್ರಶ್ನೆಗೆ ಇಂಗ್ಲೆಂಡಿನವರು ಮೊದಲು ಬೇರೆ ಉತ್ತರ ಹುಡುಕಿದ್ದರು. ಮೋಟಾರ್‌ಸೈಕಲ್ಲಿನ ಎಂಜಿನ್ ಹಗುರ, ಅಗ್ಗ, ಅದನ್ನೇ ಹಾಕಿದರೆ? 1923ರಲ್ಲಿ ಕೆಂಟ್ ಪ್ರಾಂತ್ಯದ ಲಿಂಪ್ನ್ ಎಂಬಲ್ಲಿ ಅದಕ್ಕಾಗಿಯೇ ಸ್ಪರ್ಧೆ ನಡೆಯಿತು. ಎಂಜಿನ್ 750 ಸಿಸಿ ದಾಟುವಂತಿಲ್ಲ. ಗೆದ್ದ ಎರಡು ವಿಮಾನಗಳು ಒಂದು ಗ್ಯಾಲನ್ನಿಗೆ 87.5 ಮೈಲಿ ಹಾರಿದವು. ನಮ್ಮ ಲೆಕ್ಕದಲ್ಲಿ ಲೀಟರಿಗೆ 31 ಕಿಲೋಮೀಟರ್ ಮೈಲೇಜ್. ನಮ್ಮ ಎಷ್ಟೋ ಕಾರುಗಳು ನಾಚಬೇಕು.

ಆದರೆ ಮೈಲೇಜ್ ಒಂದೇ ಸಾಕೇ? ಮೋಟಾರ್‌ಸೈಕಲ್ ಎಂಜಿನ್ನನ್ನು ಪೂರ್ತಿ ಬಿಗಿದು ಓಡಿಸಿದರೆ ಮಾತ್ರ ವಿಮಾನ ಮೇಲೇಳುತ್ತಿತ್ತು. ಹಾಗೆ ಓಡಿಸಿದರೆ ಎಂಜಿನ್ ಬಾಳುತ್ತಿರಲಿಲ್ಲ. ಸ್ಪರ್ಧೆಗೆ ಡಿ ಹ್ಯಾವಿಲಂಡ್ ಕಂಪನಿ ಡಿಎಚ್ 53 ಎಂಬ ಪುಟ್ಟ ವಿಮಾನ ತಂದಿತ್ತು, ಅದಕ್ಕೂ 750 ಸಿಸಿಯ ಡಗ್ಲಸ್ ಮೋಟಾರ್‌ಸೈಕಲ್ ಎಂಜಿನ್. ಆಮೇಲೆ ಬೇರೆ ಎಂಜಿನ್ ಹಾಕಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಲನ್ ಕೊಬಾಮ್ ಅದನ್ನು ಬ್ರಸೆಲ್ಸ್‌ಗೆ ಹಾರಿಸಿಕೊಂಡು ಹೋದರು. ವಾಪಸ್ ಬರುವಾಗ ಎದುರುಗಾಳಿ ಎಷ್ಟಿತ್ತೆಂದರೆ ಕೆಳಗೆ ಹೋಗುತ್ತಿದ್ದ ಗೂಡ್ಸ್ ರೈಲು ಅವರನ್ನು ಹಿಂದೆ ಹಾಕಿತು ಎಂದು ಹೇಳುತ್ತಾರೆ.

ಜೆಫ್ರಿ ಡಿ ಹ್ಯಾವಿಲಂಡ್ ಇದರಿಂದ ಪಾಠ ಕಲಿತರು. ಬೇಕಾದ್ದು ಇನ್ನೂ ಸಣ್ಣ ಎಂಜಿನ್ ಅಲ್ಲ, ಸಾಕಷ್ಟು ದೊಡ್ಡದಾದ ನಿಧಾನದ ಎಂಜಿನ್. ಆಗ ಯುದ್ಧದಲ್ಲಿ ಉಳಿದ ರೆನೋ ಎಂಜಿನ್‌ಗಳು ಗೋಡೌನುಗಳಲ್ಲಿ ರಾಶಿ ಬಿದ್ದಿದ್ದವು, ಎಂಟು ಸಿಲಿಂಡರಿನವು, ನಾಲ್ಕು ಈ ಕಡೆ ನಾಲ್ಕು ಆ ಕಡೆ. ಫ್ರಾಂಕ್ ಹಾಲ್ಫರ್ಡ್ ಎಂಬ ಎಂಜಿನಿಯರ್ ಅದನ್ನು ಅರ್ಧ ಮಾಡಿದರು! ಒಂದು ಕಡೆಯ ನಾಲ್ಕು ಸಿಲಿಂಡರ್ ತಗೊಂಡು ಹೊಸ ಕ್ರ್ಯಾಂಕ್‌ಕೇಸ್, ಅಂದರೆ ಕ್ರ್ಯಾಂಕ್‌ಶಾಫ್ಟ್ ಕೂರುವ ಪೆಟ್ಟಿಗೆಯ ಮೇಲೆ ಕೂರಿಸಿದರು. ಮೇಲೆ ಹೇಳಿದ ಸಿರಸ್ ಎಂಜಿನ್ ಇದೇ. 1925ರ ಫೆಬ್ರವರಿ 22ರಂದು ಇದನ್ನು ಹೊತ್ತ ಮಾತ್ ವಿಮಾನ ಹಾರಿತು. ಹಳೆ ಎಂಜಿನ್‌ಗಳ ದಾಸ್ತಾನು ಕರಗುತ್ತಾ ಬಂದಾಗ ಹಾಲ್ಫರ್ಡ್ ಅದೇ ದಾರಿಯಲ್ಲಿ ಜಿಪ್ಸಿ ಎಂಬ ಹೊಸ ಎಂಜಿನ್ ರೂಪಿಸಿದರು. ಅದರ ಮುಂದಿನ ರೂಪ ಜಿಪ್ಸಿ 3. ಅದನ್ನು ತಲೆಕೆಳಗು ಮಾಡಿ ಇಟ್ಟರು, ಸಿಲಿಂಡರ್ ಕೆಳಗೆ, ಕ್ರ್ಯಾಂಕ್‌ಶಾಫ್ಟ್ ಮೇಲೆ. ಪ್ರೊಪೆಲರ್ ಎತ್ತರದಲ್ಲಿ ಉಳಿಯಿತು, ಪೈಲಟ್ ಕಣ್ಣಿಗೆ ಅಡ್ಡಿಯೂ ತಪ್ಪಿತು. ಚೆರಿ ಗ್ರೋವ್‌ನಲ್ಲಿ ರೇಡಿಯೇಟರ್ ಪಕ್ಕದಿಂದ ಇಣುಕಿ ನೋಡಬೇಕಾಗಿದ್ದ ಪೈಲಟ್‌ಗಳಿಗೆ ಈ ಸುಖ ಇರಲಿಲ್ಲ.

ಜಿಪ್ಸಿ 3 ನಮ್ಮ ನೆಲಕ್ಕೂ ಬಂದಿತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಅಂಚೆ ಹೊತ್ತು ಹಾರಿಸಿದ ಪಸ್ ಮಾತ್ ವಿಮಾನದಲ್ಲಿ ಇದ್ದದ್ದು ಈ ವಂಶದ ಎಂಜಿನ್. ಮುಂಬೈಯಿಂದ ಆ ಅಂಚೆಯನ್ನು ನೆವಿಲ್ ವಿನ್ಸೆಂಟ್ ಮದ್ರಾಸಿಗೆ ಒಯ್ದರು, ನಡುವೆ ನಮ್ಮ ಬಳ್ಳಾರಿಯಲ್ಲಿ ಇಳಿದು.

ಸಣ್ಣ, ಚುರುಕು ಎಂಜಿನ್ ಎಲ್ಲೂ ನಡೆಯಲೇ ಇಲ್ಲ ಎಂದಲ್ಲ. ಶಿಕಾಗೋದ ಎಡ್ ಹೀತ್ 1920ರ ದಶಕದಲ್ಲಿ ಹೆಂಡರ್ಸನ್ ಮೋಟಾರ್‌ಸೈಕಲ್ಲಿನ ನಾಲ್ಕು ಸಿಲಿಂಡರ್ ಎಂಜಿನ್ ಹಾಕಿ ಒಬ್ಬರೇ ಕೂರುವ ವಿಮಾನ ಮಾಡಿ ಕಿಟ್ ರೂಪದಲ್ಲಿ ಮಾರಿದರು. 1931ರಲ್ಲಿ ಅವರು ಹೊಸ ವಿಮಾನ ಪರೀಕ್ಷಿಸುವಾಗ ತೀರಿಕೊಂಡರು. ಅವರ ಕಂಪನಿಯ ಹೆಸರೇ ಮುಂದೆ ಎಲೆಕ್ಟ್ರಾನಿಕ್ಸ್ ಹುಚ್ಚಿದ್ದವರಿಗೆಲ್ಲ ಗೊತ್ತಿದ್ದ ಹೀತ್‌ಕಿಟ್ ಆಯಿತು. ಇಂಗ್ಲೆಂಡಿನಲ್ಲಿ 1930ರ ದಶಕದ ನಡುವೆ ಸರ್ ಜಾನ್ ಕಾರ್ಡನ್ ಫೋರ್ಡ್‌ನ 1172 ಸಿಸಿ ಕಾರಿನ ಎಂಜಿನ್ ಮಾರ್ಪಡಿಸಿದರು, ಮೂವತ್ತು ಚಿಲ್ಲರೆ ಎಚ್‌ಪಿ. ಲೀಟರಿಗೆ ಇಪ್ಪತ್ತಾರು ಕುದುರೆ, ಮಾಡೆಲ್ ಎಯ ಎರಡರಷ್ಟು ಹಿಂಡಿದ್ದು. ಕಾರ್ಡನ್ 1935ರ ಡಿಸೆಂಬರಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಅವರು ಪ್ರಯಾಣಿಕರಾಗಿದ್ದ ವಿಮಾನ ಅದು. ಅವರ ಎಂಜಿನ್ 1937ರಲ್ಲಿ ಚಿಲ್ಟನ್ ಎಂಬ ನುಣುಪಾದ ಒಂಟಿ ಸೀಟಿನ ವಿಮಾನದಲ್ಲಿ ಹಾರಿತು. ಅದು ಗಂಟೆಗೆ 160 ಕಿಲೋಮೀಟರ್ ಮೀರಿ ಓಡುತ್ತಿತ್ತು. ಇಲ್ಲಿ ಸಣ್ಣ ಪ್ರೊಪೆಲರ್ ಹೊಂದಿಕೊಂಡದ್ದಕ್ಕೆ ಕಾರಣವಿದೆ. ವಿಮಾನ ಜೋರಾಗಿ ಓಡಿದಷ್ಟೂ ಪ್ರೊಪೆಲರ್‌ಗೆ ಎದುರಾಗುವ ಗಾಳಿ ತಾನಾಗಿಯೇ ಜಾಸ್ತಿಯಾಗುತ್ತದೆ. ಅಗಲ ಕಡಿಮೆ ಇದ್ದರೂ ಸೆಕೆಂಡಿಗೆ ಸಿಗುವ ಗಾಳಿ ಸಾಕಾಗುತ್ತದೆ. ಇಬ್ಬರನ್ನು ಕೂರಿಸಿಕೊಂಡು, ತಂತಿ ಕಂಬಿಗಳನ್ನೆಲ್ಲ ಗಾಳಿಗೆ ಒಡ್ಡಿಕೊಂಡು ತೆವಳುವ ಏರ್ ಕ್ಯಾಂಪರ್‌ಗೆ ಆ ಎಂಜಿನ್ ಹಾಕಿದ್ದರೆ ಅದು ಹುಲ್ಲು ಬಿಟ್ಟು ಏಳುವುದೇ ಕಷ್ಟವಾಗುತ್ತಿತ್ತು.

ಪೀಟೆನ್‌ಪಾಲ್ ಸ್ವತಃ ಫೋರ್ಡ್‌ಗೇ ಅಂಟಿಕೊಂಡು ಕೂರಲಿಲ್ಲ. 1960ರ ದಶಕದಲ್ಲಿ ಅವರು ಷೆವರ್ಲೆ ಕಾರ್ವೇರ್ ಕಾರಿನ ಎಂಜಿನ್ ಹಾಕಿದರು. ಅದು ಆರು ಸಿಲಿಂಡರಿನದು, ಗಾಳಿಯಿಂದಲೇ ತಣ್ಣಗಾಗುವಂಥದ್ದು. ರೇಡಿಯೇಟರ್ ಕಾಟ ತಪ್ಪಿತು. 1984ರಲ್ಲಿ ಅವರು ತೀರಿಕೊಂಡರು. ಅವರ ಹ್ಯಾಂಗರನ್ನು ಆಮೇಲೆ ವಿಸ್ಕಾನ್ಸಿನ್ ರಾಜ್ಯದ ಆಷ್ಕಾಷ್‌ಗೆ ಸಾಗಿಸಿ ಕಾಪಾಡಿದ್ದಾರೆ.

ಅದೇ ರಾಜ್ಯದ ಬ್ರಾಡ್‌ಹೆಡ್ ಎಂಬ ಹುಲ್ಲು ಮೈದಾನದಲ್ಲಿ ಬೇಸಿಗೆಯಲ್ಲಿ ಏರ್ ಕ್ಯಾಂಪರ್ ಕಟ್ಟಿದವರೆಲ್ಲ ಸೇರುತ್ತಾರೆ. ಕಾರ್ವೇರ್ ಹಾಕಿದವರಿರುತ್ತಾರೆ, ಅಸಲಿ ವಿಮಾನದ ಎಂಜಿನ್ ಹಾಕಿದವರಿರುತ್ತಾರೆ. ಹಟ ಹಿಡಿದು ಮಾಡೆಲ್ ಎಯನ್ನೇ ಹಾಕಿದವರೂ ಇರುತ್ತಾರೆ. ಹಾರುವ ಮೊದಲು ಪೆಟ್ರೋಲ್, ಆಯಿಲ್ ಎಷ್ಟಿದೆ ಎಂದು ಎಲ್ಲರೂ ನೋಡಿಕೊಳ್ಳುತ್ತಾರೆ. ಮಾಡೆಲ್ ಎಯವರು ಮಾತ್ರ ಒಂದು ಕೆಲಸ ಜಾಸ್ತಿ ಮಾಡಬೇಕು: ರೇಡಿಯೇಟರ್ ಮುಚ್ಚಳ ತೆಗೆದು ನೀರು ಇದೆಯಾ ನೋಡಬೇಕು.